ತವರಿಗೆ ಹೊರಟ ಡ್ರಮ್ಮಿನ ದೋಣಿ

ಅರವತ್ತೆಂಟನೆಯ ವಯಸ್ಸಿನಲ್ಲಿ ಶಾಂತಮಲ್ಲಪ್ಪನವರಿಗೆ ನೌಕಾಪಡೆ ಕಟ್ಟುವ ಯೋಗ ಕೂಡಿಬಂದದ್ದು ಹೆಂಡತಿ ಅಳದೇ ಇದ್ದುದರಿಂದ. ಜಗದಾಂಬ ಅಳುವುದರಲ್ಲಿ ಧಾರಾಳಿ. ಹಸು ಕರು ಹಾಕಿದರೂ ಅತ್ತವರು, ಹಾಕದಿದ್ದರೂ ಅತ್ತವರು. ಅಂಥವರು, ಒಡಹುಟ್ಟಿದ ಅಣ್ಣ ಸಿದ್ದಯ್ಯ ತೀರಿಕೊಂಡ ಮೂರು ತಿಂಗಳಿಗೆ ಗೌರಿಹಬ್ಬ ಹತ್ತಿರ ಬಂದಾಗ, "ಈ ಸಲ ನಂಗೆ ಬಾಗಿನ ಕೊಡೋರು ಯಾರೂ ಇಲ್ಲ, ಅಲ್ವಾ?" ಎಂದಷ್ಟೇ ಹೇಳಿ ದೋಸೆ ಮಗುಚಿಹಾಕಿದರು. ಕಣ್ಣಲ್ಲಿ ಒಂದು ಹನಿಯಿಲ್ಲ, ದೋಸೆಯೂ ಸೀದಿರಲಿಲ್ಲ. ಶಾಂತಮಲ್ಲಪ್ಪನವರಿಗೆ ಹೆದರಿಕೆಯಾದದ್ದು ಅದಕ್ಕೇ.

ಜಗದಾಂಬನ ತವರೂರು ಅವರ ಮದುವೆಯಾದ ಮರುವರ್ಷವೇ ಹೇಮಾವತಿಯ ಹಿನ್ನೀರಿನಲ್ಲಿ ಮುಳುಗಿತ್ತು. ಸಿದ್ದಯ್ಯ ಬೆಳಗೋಡಿನ ಕಡೆ ಹೋಗಿ ನೆಲೆಸಿ, ಪ್ರತಿ ಗೌರಿಹಬ್ಬಕ್ಕೂ ಬಾಗಿನದ ಜೋಡಿ ಮೊರ ಹೊತ್ತು ಬಸ್ಸಿಳಿಯುತ್ತಿದ್ದ. ಹೆಂಡತಿ "ತವರು" ಎಂದು ಬಾಯಿಬಿಟ್ಟರೆ ಸಾಕು, ಶಾಂತಮಲ್ಲಪ್ಪನವರ ಬಳಿ ಒಂದು ತಮಾಷೆ ಸಿದ್ಧವಿತ್ತು: "ತವರಿಗೆ ಹೋಗೋದಾದ್ರೆ ಬಲೆ ತಗೊಂಡ್ಹೋಗು!" ನಲವತ್ತು ವರ್ಷದಲ್ಲಿ ಆ ತಮಾಷೆಗೆ ನಕ್ಕವರು ಅವರೊಬ್ಬರೇ. ಈಗ ಅದೇ ಮಾತು ಅವರ ಗಂಟಲಲ್ಲಿ ಮುಳ್ಳಾಗಿ ಸಿಕ್ಕಿಕೊಂಡಿತು. (ಮೀನು ಮುಟ್ಟದ ಮನೆತನದವರಿಗೂ ಮೀನಿನ ಮುಳ್ಳು ಚುಚ್ಚುತ್ತದೆ.)

ಆದ್ದರಿಂದ ಒಂದು ಮಹಾಯೋಜನೆ ಹುಟ್ಟಿತು. ಹಬ್ಬದ ದಿನ ಹೆಂಡತಿಯನ್ನು ನೀರಿನ ಮೇಲೆ ಆ ಮನೆಯಿದ್ದ ಜಾಗಕ್ಕೇ ಕರೆದೊಯ್ಯುವುದು, ಮೊರದ ಅಂಚನ್ನು ಅಲ್ಲಿನ ನೀರಿಗೆ ಮುಟ್ಟಿಸಿ ಅವಳ ಕೈಗಿಡುವುದು. ಆ ಮನೆಯ ನೀರು ಸೋಕಿದ ಬಾಗಿನ ತವರಿನದಲ್ಲದೆ ಇನ್ನಾರದು? ಬಾಗಿನವನ್ನು ಗುಟ್ಟಾಗಿ ತಂದು ಕಾಫಿ ಸ್ಟೋರಿನಲ್ಲಿ ಬಚ್ಚಿಟ್ಟರು. ಕೆ. ಹೊಸಕೋಟೆಯ ವೆಲ್ಡಿಂಗ್ ಕುಮಾರ್ ಎಂಟು ನೀಲಿ ಡ್ರಮ್ಮುಗಳನ್ನು ಎರಡು ಸಾಲಾಗಿ ಬಿಗಿದು, ಮೇಲೆ ಸಿಲ್ವರ್ ಓಕ್ ಹಲಗೆ ಹೊಡೆದ. ಅದು ತೇಲಿತು. ಇನ್ನು ಮೋಟಾರು.

ಸದ್ದು ಮಾಡದೆ ಬ್ಯಾಟರಿಯಲ್ಲಿ ಓಡುವ ಮೋಟಾರು ಫೋನಿನಲ್ಲೇ ಸಿಕ್ಕಿತು. ಫ್ಯಾನನ್ನು ನೀರಿಗಿಳಿಸುವ ದಂಡ ಉದ್ದದ್ದು ಬೇಕೋ ಗಿಡ್ಡದ್ದೋ ಎಂದು ಮಾರುವವನು ಕೇಳಿದ. "ಗಿಡ್ಡದ್ದೇ ಸಾಕು, ನೀರೇನು ಓಡಿಹೋಗ್ತದಾ?" ಎಂದರು ಇವರು. ಇಂಥ ದೋಣಿಗೆ ಮುಂಭಾಗದಲ್ಲಿ ಕೂರಿಸಿ ಸಾರ್ ಎಂದ ಅವನು. ಮುಂದೋ ಹಿಂದೋ ಎಂದು ಅಂಗಳದಲ್ಲಿ ಚರ್ಚೆ ನಡೆಯುತ್ತಿದ್ದಾಗ ಜಗದಾಂಬ ಕಾಫಿ ತಂದರು.

"ಎತ್ತನ್ನ ಗಾಡಿ ಮುಂದೆ ಕಟ್ತಾರೋ, ಹಿಂದೆ ಕಟ್ತಾರೋ?"

"ಇದು ಗಾಡಿ ಅಲ್ಲ ಕಣೇ, ನೌಕೆ!"

"ಏನಾದ್ರೂ ಆಗ್ಲಿ. ಎಳೆಯೋದು ಮುಂದಿದ್ರೆ ಮೂತಿ ನೆಟ್ಟಗಿರ್ತದೆ."

ಕುಮಾರ್ ಮೆಲ್ಲಗೆ, "ಅಮ್ಮ ಹೇಳೋದೇ ಸರಿ ಐತೆ, ಯಜಮಾನ್ರೇ" ಎಂದ. ಅಷ್ಟೇ ಸಾಕಾಯಿತು. ಹೆಂಡತಿ ಹೇಳಿದ್ದು ಸರಿಯೆಂದು ಮೂರನೆಯವನ ಬಾಯಲ್ಲಿ ಕೇಳಿದ ಮೇಲೆ ಮಾನವಂತ ಗಂಡನಿಗೆ ಉಳಿಯುವುದು ಒಂದೇ ದಾರಿ. ಮೋಟಾರು ಹಿಂದಕ್ಕೆ ಏರಿತು. ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ ಅದಕ್ಕೆ ಜೋಡಿಸಿದ್ದಾಯಿತು.

ಹಬ್ಬದ ಬೆಳಿಗ್ಗೆ ಹಿನ್ನೀರು ದಡ ಮುಟ್ಟಿ ತುಂಬಿತ್ತು. "ಎಲ್ಲಿಗೆ ಅಂತ ಕೇಳ್ಬೇಡ. ಮುಂದೆ ಕೂತ್ಕೋ" ಎಂದು ಶಾಂತಮಲ್ಲಪ್ಪ ಹೆಂಡತಿಯನ್ನು ಮಹಾರಾಣಿಯಂತೆ ಮೂತಿಯಲ್ಲಿ ಕೂರಿಸಿದರು. ಮಹಾರಾಣಿಯ ಭಾರಕ್ಕೆ ಮುಂಭಾಗ ತಗ್ಗಿ ಹಿಂಭಾಗ ಎದ್ದಿತು. ಗಿಡ್ಡ ದಂಡದ ಮೋಟಾರು ನೀರಿನಿಂದ ಹೊರಬಂದು ಗಾಳಿಯನ್ನು ಕಡೆಯತೊಡಗಿತು. ಹೆಂಡತಿಯನ್ನು ನಡುವಿಗೆ ಕರೆದರೆ ದೋಣಿ ಹೊರಟಿತು ನಿಜ, ಆದರೆ ಗಾಳಿ ಬೀಸಿದ ಕಡೆಗೆ ಮೂತಿ ತಿರುಗಿಸಿಕೊಂಡು. ದೂರದಲ್ಲಿ ನೀರಿನಿಂದ ತಲೆ ಎತ್ತಿದ ಒಂದು ಒಣಮರ. ಹೆಣ್ಣು ನೋಡಲು ಹೋದಾಗ ಆ ಮನೆಯ ಮುಂದೆ ಎತ್ತು ಕಟ್ಟಿದ್ದು ಅದೇ ಮರಕ್ಕೆಂದು ಶಾಂತಮಲ್ಲಪ್ಪನವರಿಗೆ ಖಚಿತವಾಗಿತ್ತು. ಮೂರು ಸುತ್ತು ಹೊಡೆದು ಅದರ ಪಕ್ಕ ತಲುಪಿದ್ದೇ ತಡ, ಬ್ಯಾಟರಿ ಒಂದು ನಿಟ್ಟುಸಿರು ಬಿಟ್ಟು ತಣ್ಣಗಾಯಿತು.

ಆಗಲಿ. ಬಂದ ಜಾಗಕ್ಕೆ ಬಂದಾಗಿತ್ತು. ಅವರು ಚೀಲದಿಂದ ಬಾಗಿನ ತೆಗೆದು, ಮೊರದ ಅಂಚನ್ನು ನೀರಿಗೆ ಮುಟ್ಟಿಸಿದರು. ಮೂರು ದಿನದಿಂದ ಬಾಯಿಪಾಠ ಮಾಡಿದ್ದ ಮಾತೆಲ್ಲ ಮರೆತುಹೋಗಿತ್ತು. "ತಗೋ. ನಿನ್ನ ತವರಿನದು. ಮನೆ ಇಲ್ಲೇ ಕೆಳಗೈತೆ" ಎಂದರು, ಅಷ್ಟೇ.

ಜಗದಾಂಬ ಮೊರ ನೋಡಿದರು, ಗಂಡನ ಮುಖ ನೋಡಿದರು.

"ಇಲ್ಲಲ್ಲ ಕಣ್ರೀ. ನಮ್ಮನೆ ಮುಂದಿನ ಮರ ಯಾವತ್ತೋ ಬಿದ್ದೋಯ್ತು. ಇದು ಬೇರೆ. ನಮ್ಮನೆ ಅಗೋ, ಆ ದಡದ ಹುಣಿಸೆ ಮರದ ನೇರಕ್ಕೆ."

"ಊರು ಮುಳುಗಿ ನಲವತ್ತು ವರ್ಷ ಆಯ್ತು. ನಿಂಗೆ ಹೆಂಗೆ ಗೊತ್ತು?"

"ಪ್ರತಿ ಬೇಸಿಗೆ ಹೋಯ್ತೀನಲ್ಲ. ನೀರು ಇಳಿದಾಗ ಹೊಸ್ಲು ಕಾಣ್ತದೆ. ಅಣ್ಣನೂ ಬರೋನು. ಹೊಸ್ಲಿಗೆ ಅರಿಶಿನ ಹಚ್ಚಿ, ಬುತ್ತಿ ಉಂಡು ಬರ್ತಿದ್ವಿ."

"ನಂಗೆ ಆಲೂರು ಸಂತೆ ಅಂತಿದ್ದೆ!"

"ಸಂತೆಗೆ ಹೋದೋಳು ಪ್ರತಿ ಸಲ ಬರಿಗೈಲಿ ಬರ್ತಿದ್ದೆ. ಒಂದಿನಾನಾದ್ರೂ ಯಾಕೆ ಅಂತ ಕೇಳಿದ್ರಾ?"

"ನೀನಾದ್ರೂ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಬಲೆ ತಗೊಂಡ್ಹೋಗು ಅಂತಿದ್ರಿ."

ಶಾಂತಮಲ್ಲಪ್ಪ ಮೊರ ಹಿಡಿದುಕೊಂಡೇ ಕೂತರು. ಅಣ್ಣ ಸತ್ತಾಗಿನಿಂದ ಜಗದಾಂಬ ತಡೆದುಕೊಂಡಿದ್ದ ಅಳು ಆಗ ಬಂತು. ಹಸು, ಕರು ಎಲ್ಲಕ್ಕೂ ಅತ್ತದ್ದು ಅಳುವೇ ಅಲ್ಲ ಎನ್ನುವಂತೆ ಬಂತು. ಹೆಂಡತಿಯ ಬೆನ್ನ ಮೇಲೆ ಕೈಯಿಡಲು ಅವರು ಎದ್ದರೆ ದೋಣಿ ಓಲಾಡಿತು. ಮತ್ತೆ ಕೂತು, ತಾವೂ ಪಂಚೆಯ ತುದಿಯಲ್ಲಿ ಮೂಗು ಒರೆಸಿಕೊಂಡರು.

ಸ್ವಲ್ಪ ಹೊತ್ತಿಗೆ ಜಗದಾಂಬ ಸೆರಗು ಹರಡಿ, "ಸುರೀರಿ" ಎಂದರು. ಅಕ್ಕಿ, ಬೇಳೆ, ಬೆಲ್ಲ, ಬಳೆ ಎಲ್ಲ ಮಡಿಲಿಗೆ ಬಿತ್ತು. ಅದನ್ನು ಬಿಗಿಯಾಗಿ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಉಳಿದದ್ದು ಎರಡು ಖಾಲಿ ಮೊರ. ಒಂದನ್ನು ತಾವು ಹಿಡಿದು ಇನ್ನೊಂದನ್ನು ಗಂಡನ ಕೈಗೆ ಕೊಟ್ಟರು.

"ಹುಟ್ಟು ಹಾಕ್ರಿ."

ಇಬ್ಬರೂ ಹಿಂದೆ ಕೂತು ನೀರು ತಳ್ಳಿದರು. ಅರ್ಧ ನೀರು ಮೊರದಲ್ಲೇ ಸೋರಿ, ದೋಣಿ ಇದ್ದಲ್ಲೇ ಸುತ್ತಿತು.

"ಹಿಂದಿನಿಂದ ಆಗಲ್ಲ ಅಂತ ಅವತ್ತೇ ಹೇಳಿದ್ದೆ. ಮುಂದಕ್ಕೆ ಹೋಗ್ರಿ."

"ವಾಪಸ್ ಮನೆಗೋ?"

"ಹುಣಿಸೆ ಮರದ ಕಡೆಗೆ."

ಶಾಂತಮಲ್ಲಪ್ಪ ಮಂಡಿಯೂರಿ ತೆವಳಿಕೊಂಡು ಮೂತಿಗೆ ಹೋದರು. ಬಗ್ಗಿ, ಮೊರವನ್ನು ನೀರಿಗದ್ದಿ ತಮ್ಮ ಕಡೆಗೆ ಎಳೆದರು. ದೋಣಿಯ ಮೂತಿ ನೆಟ್ಟಗಾಯಿತು. ಹಿಂದಿನಿಂದ ಹೆಂಡತಿ, "ಹಾಂ, ಸ್ವಲ್ಪ ಎಡಕ್ಕೆ" ಎಂದರು. ಮದುವೆಯಾದಂದಿನಿಂದ ಮೊದಲ ಬಾರಿಗೆ ಎತ್ತು ಗಾಡಿಯ ಮುಂದೆ ಕಟ್ಟಿಸಿಕೊಂಡು, ಜಗದಾಂಬನ ತವರಿನ ಕಡೆಗೆ ಎಳೆಯತೊಡಗಿತು.