ಪಂಪು ಬೇಡದ ಷಡ್ಡಕರು

ಯಾರೂ ಏನೂ ಮಾಡದೇ ಕೂರುವುದು ಹೇಗೆ ಎಂದು ಯೋಚಿಸುವುದಕ್ಕೇ ಜೀವನಪೂರ್ತಿ ಸಂಬಳ ತೆಗೆದುಕೊಂಡ ಒಬ್ಬರೇ ಒಬ್ಬ ಮನುಷ್ಯರು ನನಗೆ ಗೊತ್ತು. ಅವರು ನನ್ನ ಷಡ್ಡಕರು, ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಹುಟ್ಟೂರು ಹಿರೇಗುಂಟನೂರು, ಮಾಡುತ್ತಿದ್ದ ಕೆಲಸ ಅಣುಸ್ಥಾವರಗಳ ವಿನ್ಯಾಸ. ಅದರಲ್ಲೂ ಅವರದು ಒಂದೇ ಹಟ. ಕರೆಂಟು ಹೋಗಲಿ, ಪಂಪು ನಿಲ್ಲಲಿ, ಕಾಯುವವರೆಲ್ಲ ದಿಕ್ಕೆಟ್ಟು ಕೂರಲಿ, ಸ್ಥಾವರ ತನ್ನನ್ನು ತಾನೇ ತಣ್ಣಗೆ ಮಾಡಿಕೊಳ್ಳಬೇಕು! ಮೇಲಿನ ತೊಟ್ಟಿಯ ನೀರು ತನ್ನ ಭಾರಕ್ಕೇ ಇಳಿಯಬೇಕು, ಬಿಸಿಯಾದದ್ದು ತಾನೇ ಮೇಲೇರಬೇಕು, ತಣಿದದ್ದು ತಾನೇ ಕೆಳಗೆ ಬರಬೇಕು. ಯಾರೂ ಗುಂಡಿ ಒತ್ತುವಂತಿಲ್ಲ. ನಾನೋ, ಹಿರಿಯೂರಿನಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟವನು. ಪಂಪೇ ಬೇಡ ಎನ್ನುವವರ ಜೊತೆ ನನಗೆ ನಂಟು ಬೆಸೆದ ಬ್ರಹ್ಮನಿಗೆ ಏನು ಹೇಳೋಣ?

ಅದನ್ನಾದರೂ ಸಹಿಸಬಹುದಿತ್ತು. ಸಹಿಸಲಾಗದ್ದು ರಾಮಗಿರಿಯ ನಮ್ಮ ಅತ್ತೆಗೆ ಅವರ ಮೇಲಿದ್ದ ಪ್ರೀತಿ. ಮದುವೆಯಾದಾಗಿನಿಂದ ಅದರಲ್ಲಿ ಒಂದು ಪಾಲಿಗಾಗಿ ಒದ್ದಾಡಿದ್ದೇನೆ. ಹೊಟ್ಟೆಕಿಚ್ಚು ಎನ್ನುತ್ತೀರಾ? ಹೌದ್ರೀ, ಹೊಟ್ಟೆಕಿಚ್ಚೇ!

ಒಮ್ಮೆ ಅಂಗಡಿಯಿಂದ ಹೊಸ ಪಂಪು ತಂದು, ಅರಿಶಿನ ಕುಂಕುಮ ಹಚ್ಚಿ, ಅತ್ತೆಯ ಬಾವಿಗೆ ಕೂರಿಸಿದೆ. ಷಡ್ಡಕರು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

"ಭಾಳ ಚೆನ್ನಾಗೈತೆ. ಕರೆಂಟು ಹೋಯ್ತು ಅಂತ ಇಟ್ಕಳ್ರಿ, ಆಮೇಲೆ?"

"ಹೋಗಲ್ಲ ಬಿಡ್ರಿ" ಎಂದು ಸ್ವಿಚ್ ಒತ್ತಿದೆ. ಹೋಯಿತು! ಆ ದಿನ ಮನೆಯವರೆಲ್ಲ ಮಿಂದದ್ದು ಅವರು ಮಾಳಿಗೆಯ ಮೇಲೆ ತುಂಬಿಸಿಟ್ಟಿದ್ದ ಡ್ರಮ್ಮಿನ ನೀರಿನಲ್ಲಿ. ನಾನೂ ಮಿಂದೆ, ಹಲ್ಲು ಕಚ್ಚಿಕೊಂಡು.

ಆಮೇಲೆ ಅತ್ತೆಗೆ ಮರೆವು ಶುರುವಾಯಿತು. ಕುರಿದೊಡ್ಡಿಯ ಬಾಗಿಲು ಹಾಕಲು ಮರೆಯುತ್ತಿದ್ದರು. ಷಡ್ಡಕರು ಬಾಗಿಲಿಗೆ ಹಗ್ಗ ಕಟ್ಟಿ, ರಾಟೆಯ ಮೇಲಿಂದ ಕಲ್ಲು ಇಳಿಬಿಟ್ಟರು. ಕೈ ಬಿಟ್ಟರೆ ಸಾಕು, ಬಾಗಿಲು ತಾನೇ ಮುಚ್ಚಿಕೊಂಡು ಹೊರಗಿನಿಂದ ಅಗಳಿ ಬೀಳುತ್ತಿತ್ತು. ಏನಾದರೂ ತಪ್ಪು ಸಿಕ್ಕೀತೇ ಎಂದು ನಾನು ಒಳಗೆ ಹೋಗಿ ನೋಡಿದೆ. ತಪ್ಪು ಸಿಗಲಿಲ್ಲ, ನಾನು ಸಿಕ್ಕಿಕೊಂಡೆ! ಕುರಿಗಳ ನಡುವೆ ನಿಂತು ಕೂಗಿದಾಗ ಷಡ್ಡಕರು ಓಡಿ ಬಂದರು.

"ನೋಡಿದ್ರಾ? ಕೆಲ್ಸ ಮಾಡ್ತೈತೆ!"

ಅತ್ತೆ ನಕ್ಕೂ ನಕ್ಕೂ ಜಗಲಿಯ ಮೇಲೆ ಕುಸಿದು ಕೂತರು.

ದೀಪದ ಪ್ರಸಂಗ ಇನ್ನೂ ಕೆಟ್ಟದ್ದು. ಅತ್ತೆ ದೇವರ ಮುಂದೆ ದೀಪ ಹಚ್ಚಿ ಮರೆತು, ಒಂದು ಸಲ ಪರದೆಗೇ ಬೆಂಕಿ ತಗುಲಿತ್ತು. "ಇನ್ಮೇಲೆ ದೀಪ ಬೇಡ, ಬಲ್ಬು ಹಾಕಿಸ್ತೀನಿ" ಎಂದೆ. ಒಳ್ಳೆಯದಕ್ಕೇ ಹೇಳಿದ್ದು, ಅತ್ತೆಯ ಮುಖ ಬಾಡಿತು. ಷಡ್ಡಕರು ಪರದೆ ಬಿಚ್ಚಿದರು, ಅಗಲವಾದ ಹರಿವಾಣದಲ್ಲಿ ನೀರು ತುಂಬಿ ನಡುವೆ ದೀಪ ಇಟ್ಟರು. ಉರುಳಿದರೆ ನೀರಿಗೇ ಬೀಳಬೇಕು, ನಂದಿಹೋಗಬೇಕು.

"ಮರೀರಿ ಅತ್ತೆ, ಎಷ್ಟು ಬೇಕೋ ಅಷ್ಟು ಮರೀರಿ! ಮರೆಯೋದು ನಿಮ್ ಕೆಲ್ಸ, ನೋಡ್ಕಳಾದು ನನ್ ಕೆಲ್ಸ."

ಅತ್ತೆ ಅವರ ತಲೆ ನೇವರಿಸಿದರು. ನನ್ನ ತಲೆಯೂ ಅಲ್ಲೇ ಪಕ್ಕದಲ್ಲಿತ್ತು. ನೇವರಿಸಲಿಲ್ಲ.

ಮೊನ್ನೆ ನಾವಿಬ್ಬರು ಷಡ್ಡಕರೂ ಹೆಂಡತಿಯರ ಜೊತೆ ಊಟದ ಹೊತ್ತಿಗೆ ರಾಮಗಿರಿಗೆ ಹೋದೆವು. ನನ್ನನ್ನು ಕಂಡು ಅತ್ತೆಯ ಮುಖ ಅರಳಿತು. "ಬಾರಪ್ಪ, ಹಿರಿಯೂರಿಂದ ಈಗ ಬಂದ್ಯಾ?" ಎಂದರು. ಆಮೇಲೆ ಹಿಂದಿದ್ದ ಷಡ್ಡಕರನ್ನು ನೋಡಿ, ಹೊರಗಿನವರೆದುರು ಮಾಡುವಂತೆ ಸೆರಗು ಹೊದ್ದುಕೊಂಡರು.

"ಇವ್ರು ಯಾರಪ್ಪ? ಪಾಪ, ನಿಂತೇ ಅವ್ರೆ. ಕುಂತ್ಕಳಾಕೆ ಹೇಳು."

ಇಷ್ಟು ವರ್ಷ ನಾನು ಹಂಬಲಿಸಿದ ಗಳಿಗೆ ಅದು. ಖುಷಿಯಾಗಬೇಕಿತ್ತಲ್ಲವೇ? ಆಗಲಿಲ್ಲ. ಷಡ್ಡಕರು ಬಾಗಿಲ ಕಡೆಗೆ ಒಂದು ಹೆಜ್ಜೆ ಹಿಂದೆ ಸರಿದರು. ಅವರ ಕೈ ಹಿಡಿದು ಅತ್ತೆಯ ಪಕ್ಕ ಮಣೆಯ ಮೇಲೆ ಕೂರಿಸಿದೆ.

"ನಿಮ್ ದೊಡ್ಡಳಿಯ, ಅತ್ತೆ. ನಮ್ಮೆಲ್ಲರಿಗಿಂತ ನಿಮ್ಮನ್ನ ಚೆನ್ನಾಗಿ ನೋಡ್ಕಂಡೋರು."

ಅತ್ತೆ ಅವರ ಮುಖವನ್ನೇ ಬಹಳ ಹೊತ್ತು ನೋಡಿದರು. "ಹಂಗಾರೆ ಅವ್ರಿಗೇ ಮೊದ್ಲು ಬಡಿಸ್ರಮ್ಮ" ಎಂದರು.

ಹೆಂಡತಿಯ ಕೈಯಿಂದ ತುಪ್ಪದ ಗಿಂಡಿ ಕಿತ್ತುಕೊಂಡು ನಾನೇ ಬಡಿಸಿದೆ. ಷಡ್ಡಕರು ತಲೆ ತಗ್ಗಿಸಿ ಕೂತಿದ್ದರು, ಸಾಕು ಎನ್ನಲೇ ಇಲ್ಲ. ನಾನೂ ನಿಲ್ಲಿಸಲಿಲ್ಲ.