ಪಾದರಸಕ್ಕೊಂದು ಗೇಟ್ ಪಾಸ್

ಎರಡು ಸಾವಿರದ ನಾನೂರು ಕಾರ್ಮಿಕರನ್ನು ಮೂವತ್ತೊಂದು ವರ್ಷ ಒಂದೇ ಗೇಟಿನಲ್ಲಿ ಹದ್ದುಬಸ್ತಿನಲ್ಲಿಟ್ಟವರು ತಾವು. ಅಂಥವರ ಸ್ವಂತ ಮನೆಯ ಬಾಗಿಲಿನಿಂದ ಎರಡೂವರೆ ಅಡಿಯ ಒಬ್ಬ ಒಂದೇ ತಿಂಗಳಲ್ಲಿ ಮೂರು ಸಲ ಪರಾರಿಯಾದನೆಂದರೆ ಅದು ಬಾಗಿಲಿನ ತಪ್ಪಲ್ಲ, ಆಡಳಿತದ ತಪ್ಪು ಎಂದು ದ್ವಾರಪಾಲಕರು ತೀರ್ಮಾನಿಸಿದರು. (ನಿವೃತ್ತಿಯವರೆಗೆ ಕಾರ್ಖಾನೆಯ ದಾಖಲೆಯಲ್ಲಿ ಅವರ ಹುದ್ದೆ ಗೇಟ್ ಸೂಪರ್‌ವೈಸರ್. ದ್ವಾರಪಾಲಕರು ಎಂಬುದು ಹೆಂಡತಿ ದಯಪಾಲಿಸಿದ ಬಿರುದು. ಅದು ಹೊಗಳಿಕೆಯೆಂದೇ ಅವರು ಇವತ್ತಿಗೂ ನಂಬಿದ್ದಾರೆ.)

ಆಡಳಿತ ಎಂದರೆ ಹೆಂಡತಿ. ಮನೆಯ ಮುಂದಿನ ಹಜಾರದಲ್ಲಿ ಆಕೆ ಒಂಬತ್ತು ವರ್ಷದಿಂದ ಡೇಕೇರ್ ನಡೆಸುತ್ತಿದ್ದರು. ಹನ್ನೆರಡು ಮಕ್ಕಳು, ಹನ್ನೆರಡು ಚಾಪೆ, ಇಪ್ಪತ್ನಾಲ್ಕು ಚಪ್ಪಲಿ. ಸಂಜೆ ಹುಡುಕಿದರೆ ಸಿಗುವುದು ಇಪ್ಪತ್ಮೂರು. ಹಜಾರದ ಬಾಗಿಲು ದಾಟಿದರೆ ಮೂರು ಮೆಟ್ಟಿಲು, ಮೆಟ್ಟಿಲಿಳಿದರೆ ರಸ್ತೆ. ಆ ರಸ್ತೆಯ ಮೇಲೆ ಕಣ್ಣಿಟ್ಟಿದ್ದವನೇ ಪಾದರಸ. ಮನೆಯವರು ಇಟ್ಟ ಹೆಸರು ಬೇರೆ ಇತ್ತು, ಆದರೆ ಅದನ್ನು ಪೂರ್ತಿ ಕೂಗಿ ಮುಗಿಸುವಷ್ಟರಲ್ಲಿ ಅವನು ಎರಡನೇ ಮೆಟ್ಟಿಲಲ್ಲಿರುತ್ತಿದ್ದ. ವಯಸ್ಸು ಎರಡು ವರ್ಷ ನಾಲ್ಕು ತಿಂಗಳು. ಮೊದಲ ಸಲ ಕೊರಿಯರ್‌ನವನ ಬೆನ್ನಿಗೆ ಬಿದ್ದು ಹೊರಟ. ಎರಡನೇ ಸಲ, ಮಗಳನ್ನು ಬಿಟ್ಟುಹೋಗಲು ಬಂದ ವಕೀಲರ ಕಾಲಸಂದಿಯಲ್ಲಿ ನುಸುಳಿದ. ಮೂರನೇ ಸಲ ಕ್ಷೌರದಂಗಡಿ ತಲುಪಿ, ಅಲ್ಲಿಯ ತಿರುಗು ಕುರ್ಚಿಯಲ್ಲಿ ಆಸೀನನಾಗಿದ್ದ. ಕ್ಷೌರಿಕ ಅವನನ್ನು ಕೊರಳಿಗೆ ಕಟ್ಟಿದ್ದ ಬಟ್ಟೆಯ ಸಮೇತ ಎತ್ತಿಕೊಂಡು ಬಂದು ಒಪ್ಪಿಸಿದ.

ಅವತ್ತು ಸಂಜೆ ಅವನ ತಾಯಿ ಒಳಗೆ ಬಂದು ಕೂರಲಿಲ್ಲ. ಆಕೆ ಸಿಟಿ ಬಸ್ ಓಡಿಸುವ ಡ್ರೈವರ್; ಕೆಲಸ ಕಾಯಂ ಆಗಿ ಎರಡೇ ತಿಂಗಳು. ಇದಕ್ಕೆ ಮೊದಲು ಮೂರು ಡೇಕೇರ್‌ಗಳು ಪಾದರಸನನ್ನು ಕೈಮುಗಿದು ವಾಪಸು ಕೊಟ್ಟಿದ್ದವು.

“ಸ್ಟೇರಿಂಗ್ ಹಿಡಿದ್ರೂ ನನ್ನ ಜೀವ ಎಲ್ಲಾ ಈ ಬಾಗಿಲಲ್ಲೇ ಇರತ್ತೆ. ನಿನ್ನೆ ಒಂದು ಸ್ಟಾಪೇ ಬಿಟ್ಟು ಹೋದೆ. ಇನ್ನೊಂದು ಸಲ ಇವನು ರಸ್ತೆಗೆ ಬಂದ್ರೆ ನಾನು ಕೆಲಸ ಬಿಡ್ತೀನಿ ಅಜ್ಜಿ, ಬೇರೆ ದಾರಿ ಇಲ್ಲ,” ಎಂದು ಮಗನನ್ನು ಎತ್ತಿಕೊಂಡು ಹೋದರು.

ಹೆಂಡತಿಗೆ ಅನ್ನ ಸೇರಲಿಲ್ಲ. ಬಡಗಿಯನ್ನು ಕರೆಸಿ ಚಿಲಕವನ್ನು ಬಾಗಿಲಿನ ಮೇಲ್ತುದಿಗೆ ಹಾಕಿಸೋಣ ಎಂದರು. ದ್ವಾರಪಾಲಕರು ನಕ್ಕರು. ಚಿಲಕ ಮೇಲೇರಿಸುವುದು ವ್ಯವಸ್ಥೆಯಿಲ್ಲದ ಮನೆಗಳಿಗೆ, ತಮ್ಮ ಗೇಟಿನಲ್ಲಿ ಮೂವತ್ತೊಂದು ವರ್ಷ ಒಂದು ಸ್ಕ್ರೂ ಕೂಡ ಪಾಸಿಲ್ಲದೆ ಹೊರಗೆ ಹೋಗಿಲ್ಲ ಎಂದರು. ಹೆಂಡತಿ, ಸ್ಕ್ರೂಗೆ ಕಾಲಿರಲ್ಲ ಎಂದು ನೆನಪಿಸಿದರು. ಅಂಥ ಸಣ್ಣಪುಟ್ಟ ಆಕ್ಷೇಪಣೆಗಳನ್ನು ಅವರು ಕಾರ್ಮಿಕ ಸಂಘದ ಕಾಲದಲ್ಲೇ ಬೇಕಾದಷ್ಟು ಕಂಡಿದ್ದರು.

ಸೋಮವಾರ ವ್ಯವಸ್ಥೆ ಜಾರಿಗೆ ಬಂತು. ಬಾಗಿಲ ಪಕ್ಕ ಒಂದು ಕುರ್ಚಿ, ಒಂದು ಮೇಜು, ಗೆರೆ ಹೊಡೆದ ರಿಜಿಸ್ಟರ್, ಕೊರಳಲ್ಲಿ ಸೀಟಿ. ಮಗುವಿಗೊಂದರಂತೆ ಪ್ಲಾಸ್ಟಿಕ್ ಹೊದಿಸಿದ ಹಳದಿ ಪಾಸು; ಅದರ ಮೇಲೆ ಫೋಟೋ, ಮೊಹರು, ಹೆಂಡತಿಯ ರುಜು. ಪಾಸುಗಳು ಆಯಾ ಮಗುವಿನ ಚೀಲಕ್ಕೆ ನೇತಾಡುತ್ತಿದ್ದವು. ಕರೆದೊಯ್ಯಲು ಬಂದವರು ಚೀಲದಿಂದ ಪಾಸು ಬಿಚ್ಚಿ ತೋರಿಸಬೇಕು, ದ್ವಾರಪಾಲಕರು ನೋಡಬೇಕು, ಸಲಾಮು ಹೊಡೆಯಬೇಕು, ವೇಳೆ ಬರೆಯಬೇಕು, ಆಮೇಲೆ ಬಾಗಿಲು. ಮಕ್ಕಳಿಗೂ ತರಬೇತಿಯಾಯಿತು. ಪಾಸಿಲ್ಲದೆ ಬಂದವರನ್ನು ಸೀಟಿ ಊದಿ ಚಾಪೆಗೆ ಅಟ್ಟಲಾಯಿತು. ಪಾಸು ತಂದು ತೋರಿಸಿದವರ ಬೆನ್ನು ತಟ್ಟಲಾಯಿತು. ಪಾದರಸ ಬಾಯಲ್ಲಿ ಬೆರಳಿಟ್ಟುಕೊಂಡು ಎಲ್ಲವನ್ನೂ ನೋಡಿದ. ಅವನು ಇಷ್ಟು ಹೊತ್ತು ಒಂದೇ ಕಡೆ ನಿಂತಿದ್ದನ್ನು ಯಾರೂ ಕಂಡಿರಲಿಲ್ಲ. ವ್ಯವಸ್ಥೆಯ ಪ್ರಭಾವ ಎಂದರು ದ್ವಾರಪಾಲಕರು.

ನಾಲ್ಕು ದಿನ ಹುಳವೂ ಆಚೆ ಹೋಗಲಿಲ್ಲ. ಗುರುವಾರ ಸಂಜೆ ದ್ವಾರಪಾಲಕರು ಡ್ರೈವರಮ್ಮನಿಗೆ, ಇನ್ನು ನಿಶ್ಚಿಂತೆಯಿಂದ ಗೇರು ಬದಲಾಯಿಸಿ ಎಂದು ಅಭಯ ಕೊಟ್ಟರು. ಹೆಂಡತಿ ಕೂಡ, ಪರವಾಗಿಲ್ಲ, ನಿಮ್ಮಿಂದ ಒಂದು ಉಪಯೋಗ ಆಯ್ತು ಎಂದರು. ಮದುವೆಯಾಗಿ ಮೂವತ್ತಾರು ವರ್ಷಕ್ಕೆ ಬಂದ ಮೊದಲ ಪ್ರಶಸ್ತಿಪತ್ರ ಅದು.

ಶುಕ್ರವಾರ ಹನ್ನೊಂದು ಗಂಟೆ. ಹೆಂಡತಿ ಒಳಗೆ ಒಂದು ಮಗುವಿನ ಮೂಗು ಒರೆಸುತ್ತಿದ್ದರು. ದ್ವಾರಪಾಲಕರು ರಿಜಿಸ್ಟರಿನ ಷರಾ ಎಂಬ ಅಂಕಣದಲ್ಲಿ ‘ಎಲ್ಲವೂ ಸುಸ್ಥಿತಿ’ ಎಂದು ದುಂಡಗೆ ಬರೆಯುತ್ತಿದ್ದಾಗ ಮೇಜಿನ ಅಂಚಿನಲ್ಲಿ ಒಂದು ಹಳದಿ ಪಾಸು ಮೂಡಿತು. ಅವರ ಕಣ್ಣು ಫೋಟೋ ನೋಡಿತು, ಮೊಹರು ನೋಡಿತು, ರುಜು ನೋಡಿತು. ಎಲ್ಲ ಕ್ರಮಬದ್ಧ. ಬಲಗೈ ತಾನಾಗಿ ಹಣೆಗೆ ಹೋಯಿತು, ಎಡಗೈ ತಾನಾಗಿ ಚಿಲಕ ಸರಿಸಿತು. “ಹೋಗಬಹುದು,” ಎಂದರು. ಬಾಗಿಲು ಮುಚ್ಚಿ, ೧೧.೦೭ ಎಂದು ವೇಳೆಯನ್ನೂ ಪಕ್ಕದಲ್ಲಿ ಷರಾವನ್ನೂ ಬರೆದು, ಕರೆದೊಯ್ದವರ ಹೆಸರೆಂಬ ಅಂಕಣಕ್ಕೆ ಬಂದಾಗ ಪೆನ್ನು ನಿಂತಿತು. ಕರೆದೊಯ್ದವರು ಯಾರು? ಪಾಸು ತೋರಿಸಿದ ಕೈ ಅಷ್ಟು ಕೆಳಗಿನಿಂದ ಯಾಕೆ ಬಂತು?

ಆಮೇಲೆ ಆ ರಸ್ತೆಯ ಜನ ಕಂಡದ್ದು: ಒಂದೇ ಕಾಲಿಗೆ ಚಪ್ಪಲಿ ಹಾಕಿದ ಹಿರಿಯರೊಬ್ಬರು ಸೀಟಿ ಊದುತ್ತ ಓಡುತ್ತಿದ್ದಾರೆ, ಉಳಿದ ಮಕ್ಕಳಿಗೆ ಹೊರಗಿನಿಂದ ಬಾಗಿಲು ಭದ್ರಪಡಿಸಿ ಬಂದ ಹೆಂಡತಿ ಅವರನ್ನೂ ಹಿಂದೆ ಹಾಕಿ ಓಡುತ್ತಿದ್ದಾರೆ. ಪಾದರಸ ನಾಲ್ಕು ಮನೆ ಆಚೆ, ಬಸ್ ಸ್ಟಾಪಿನ ಕಟ್ಟೆಯ ಮೇಲೆ ನಿಂತಿದ್ದ. ಹೆಂಡತಿ ಅವನನ್ನು ಬಾಚಿ ತಬ್ಬಿಕೊಳ್ಳುವುದಕ್ಕೂ ಒಂದು ಬಸ್ಸು ಬಂದು ನಿಲ್ಲುವುದಕ್ಕೂ ಸರಿಹೋಯಿತು. ಪಾದರಸ ಪಾಸನ್ನು ಎತ್ತಿ ಬಸ್ಸಿಗೆ ತೋರಿಸಿದ. ಬಸ್ಸಿನಿಂದ ಇಳಿದವರು ಅವನ ತಾಯಿ.

ಆಕೆ ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು. “ಯಾರು ಬಿಟ್ಟಿದ್ದು?” ಎಂದು ಮಾತ್ರ ಕೇಳಿದರು. ದ್ವಾರಪಾಲಕರು ಪ್ರಾಮಾಣಿಕರು. ಓಡುವಾಗಲೂ ರಿಜಿಸ್ಟರನ್ನು ಕಂಕುಳಿನಿಂದ ಬಿಟ್ಟಿರಲಿಲ್ಲ. ತೆರೆದು ತೋರಿಸಿದರು. ಅವರದೇ ಕೈಬರಹ: ‘ಪಾಸು ಪರಿಶೀಲಿಸಿದೆ. ಸರಿ ಇದೆ.’

ಪ್ರಯಾಣಿಕರು ಕಿಟಕಿಯಿಂದ ಕತ್ತು ಚಾಚಿ ಕೂತಿದ್ದರು. ಡ್ರೈವರಮ್ಮ ಮಗನನ್ನು ಹಜಾರದವರೆಗೆ ತಂದು ಬಿಟ್ಟು, ತಾವು ಮೆಟ್ಟಿಲ ಮೇಲೇ ನಿಂತು, ಸೋಮವಾರ ಡಿಪೋಗೆ ಹೋಗಿ ರಾಜೀನಾಮೆ ಬರೆದುಕೊಡುವುದಾಗಿ ಹೇಳಿದರು. ಇವನ ಚೀಲ ಕೊಡಿ ಎಂದು ಒಳಗೆ ಹೆಜ್ಜೆ ಇಟ್ಟರು. ಅಷ್ಟರಲ್ಲಿ ಒಂದು ಪುಟ್ಟ ಕೈ ಅಡ್ಡ ಬಂತು. ಪಾದರಸ ದ್ವಾರಪಾಲಕರ ಕುರ್ಚಿ ಏರಿ ಕೂತಿದ್ದ.

“ಪಾಸು,” ಎಂದ.

“ನಾನು ಕಣೋ, ಅಮ್ಮ.”

“ಪಾಸು.”

ಬಸ್ಸಿನ ಹಾರ್ನ್ ಆಯಿತು. ಮಗ ಜಗ್ಗಲಿಲ್ಲ. ಬಾಗಿಲು ಅಷ್ಟಗಲ ತೆರೆದಿತ್ತು, ಅವನು ಆ ಕಡೆ ತಿರುಗಿಯೂ ನೋಡಲಿಲ್ಲ. ಹೆಂಡತಿ ಅದನ್ನು ಕಂಡರು.  ಆಮೇಲೆ ಡ್ರೈವರಮ್ಮನ ಕೈ ಹಿಡಿದು, ಒಂದೇ ಒಂದು ವಾರ ಕೊಡಮ್ಮ, ಅಷ್ಟರಲ್ಲಿ ಇವನು ಹೊಸಿಲು ದಾಟಿದರೆ ನಾನೇ ಬಂದು ನಿನ್ನ ರಾಜೀನಾಮೆ ಬರೆದುಕೊಡುತ್ತೇನೆ ಎಂದರು.

ಆಕೆ ಬಸ್ಸಿಗೆ ಹೋದ ಮೇಲೆ ದ್ವಾರಪಾಲಕರು, ಇವನನ್ನೇ ಗೇಟಿಗೆ ಕೂರಿಸುವುದು ಎಂಥ ಮೂರ್ಖತನ, ಕಳ್ಳನ ಕೈಗೆ ಬೀಗದ ಕೈಯೇ ಎಂದು ಗೊಣಗಿದರು.

“ಗೇಟ್ ಕಾಯೋನು ಗೇಟ್ ಬಿಟ್ಟು ಹೋಗ್ತಾನೇನ್ರೀ? ಮೂವತ್ತೊಂದು ವರ್ಷ ನೀವು ಹೋದ್ರಾ? ನನ್ನ ತಂಗಿ ಮದುವೆಗೇ ಬರಲಿಲ್ಲ,” ಎಂದರು ಹೆಂಡತಿ.

 ಬಡಗಿ ಶನಿವಾರ ಬಂದು ಚಿಲಕವನ್ನು ಬಾಗಿಲಿನ ಮೇಲ್ತುದಿಗೇ ಹಾಕಿಹೋದ. ಪಾಸುಗಳು ಚೀಲ ಬಿಟ್ಟು ಹೆತ್ತವರ ಕೈಸೇರಿದವು. ಸೋಮವಾರದಿಂದ ಪಾದರಸ ಬಾಗಿಲ ಪಕ್ಕದ ಸಣ್ಣ ಸ್ಟೂಲಿನ ಮೇಲೆ ಅಧಿಕಾರ ಸ್ವೀಕರಿಸಿದ. ವಕೀಲರು ಪಾಸು ಮರೆತು ಬಂದು ಎರಡು ಸಲ ಮೆಟ್ಟಿಲಿಳಿದರು. ಕೊರಿಯರ್‌ನವನು ಸಲಾಮು ಕಲಿತ. ಇಡೀ ವಾರ ಪಾದರಸ ಊಟಕ್ಕೆ ಕೂಡ ಒಲ್ಲದ ಮನಸ್ಸಿನಿಂದ ಏಳುತ್ತಿದ್ದ.

ಕುರ್ಚಿ ಕಳೆದುಕೊಂಡ ದ್ವಾರಪಾಲಕರಿಗೆ ಹೆಂಡತಿ ಹಜಾರದ ಒಳಗಿನ ಖಾತೆ ವಹಿಸಿದರು. ಖಾತೆಯಲ್ಲಿ ಬಣ್ಣದ ಮಣಿ ಪೋಣಿಸುವುದು, ಮೂಗು ಒರೆಸುವುದು, ಒಂದೇ ಆನೆಯ ಕತೆಯನ್ನು ಹನ್ನೊಂದು ಸಲ ಹೇಳುವುದು ಸೇರಿದ್ದವು. ಆನೆ ಹನ್ನೆರಡನೇ ಸಲ ಕೆರೆಗೆ ಹೊರಟಾಗ ಅವರೂ ಮೆಲ್ಲಗೆ ಎದ್ದು ಬಾಗಿಲ ಕಡೆ ಹೋದದ್ದುಂಟು.

ವಾರ ತುಂಬಿದ ಸಂಜೆ ಡ್ರೈವರಮ್ಮ ಬಂದು, ಪಾಸು ತೋರಿಸಿ ಕೇಳಿದರು: “ಹೇಗಿತ್ತು ಅಜ್ಜಿ? ಈ ವಾರ ಓಡಿಹೋಗೋಕೆ ನೋಡಿದ್ನಾ?”

ಅಜ್ಜಿ ಬಾಯಿ ತೆರೆಯುವ ಮೊದಲೇ ಪಾದರಸ ಸ್ಟೂಲಿನ ಮೇಲೆ ಎದ್ದು ನಿಂತು, ಚಾಪೆಯ ಮೇಲೆ ಮಣಿ ಪೋಣಿಸುತ್ತಿದ್ದವರತ್ತ ಬೆರಳು ತೋರಿಸಿದ.

“ತಾತ.”

“ಎರಡು ಸಲ,” ಎಂದರು ಹೆಂಡತಿ. “ಇವನೇ ಹಿಡ್ಕೊಂಡು ಬಂದ.”