ಭಾವನಿಗೆ ಬೈಯುವುದು ಹೇಗೆ?

ಮಂಗಳೂರಿನಲ್ಲಿ ಯಾರೊಡನೆಯಾದರೂ ಜಗಳ ಕಾಯಬೇಕೆಂದಿದ್ದರೆ ಊರು, ಮನೆಯ ಸುದ್ದಿ ಎತ್ತಬಾರದು. ಎತ್ತಿದಿರೋ, ಜಗಳ ಮುಗಿಯಿತು, ನೆಂಟಸ್ತಿಕೆ ಶುರುವಾಯಿತು. ಇದು ಗೊತ್ತಿದ್ದೂ ಕೆಟ್ಟವನು ನಾನು.

ಉರ್ವದ ನಮ್ಮ ಮನೆಯ ಪಕ್ಕದಲ್ಲಿ ಬಹುಮಹಡಿ ಕಟ್ಟಡವೊಂದು ಏಳುತ್ತಿದೆ. ಹಗಲಿಡೀ ತೆಪ್ಪಗಿರುವ ಅದಕ್ಕೆ ನಾವು ಹಾಸಿಗೆ ಬಿಡಿಸಿದ ಮೇಲೆಯೇ ಜೀವ ಬರುವುದು. ಲಾರಿಯಿಂದ ಕಬ್ಬಿಣದ ಸರಳುಗಳನ್ನು ಧಡಾರನೆ ಕೆಡವುತ್ತಾರೆ. ಆಮೇಲೆ ಕಟಿಂಗ್ ಮೆಷಿನ್ನಿನ ಕಿರುಚಾಟ. ನನ್ನದು ಬಿಡಿ, ಆಫೀಸಿನಲ್ಲಿ ನಾನು ತೂಕಡಿಸಿದರೆ ಯಾವ ಫೈಲಿನ ಪ್ರಾಣವೂ ಹೋಗುವುದಿಲ್ಲ. ಆದರೆ ಹೆಂಡತಿ ಸುಜಾತ ಐಸಿಯುನಲ್ಲಿ ನರ್ಸು. ಮೊನ್ನೆ ಇಂಜೆಕ್ಷನ್ ಕೈಯಲ್ಲಿರುವಾಗಲೇ ಕಣ್ಣು ಮುಚ್ಚಿಹೋಯಿತಂತೆ. ಅದನ್ನು ಕೇಳಿದ್ದೇ ನನಗೆ ಪಿತ್ತ ನೆತ್ತಿಗೇರಿತು. ಇವತ್ತು ಒಂದೋ ಆ ಬಿಲ್ಡರ್, ಇಲ್ಲವೇ ನಾನು ಎಂದು ಅಂಗಿಯ ತೋಳು ಮಡಚಿದೆ.

“ಅವರು ಕೊಟ್ಟದ್ದು ಎಂತದೂ ಕುಡಿಯಬೇಡಿ. ಯಾವ ಊರು ಅಂತ ಕೇಳ್ಲಿಕ್ಕೂ ಹೋಗ್ಬೇಡಿ,” ಎಂದಳು ಸುಜಾತ.

ಬಿಲ್ಡರ್ ಸೈಟಿನಲ್ಲೇ ಇದ್ದರು. ಕೊಟ್ಟ ಸೀಯಾಳವನ್ನು ನಾನು ಮುಟ್ಟಲಿಲ್ಲ. ಗಂಟಲು ಏರಿಸಿ ಚೆನ್ನಾಗಿಯೇ ಬೈದೆ. ಎಲ್ಲವನ್ನೂ ಕೇಳಿಸಿಕೊಂಡು ಅವರು ತಣ್ಣಗೆ, “ನಿಮ್ಮದು ಎಲ್ಲಿ ಆಯ್ತು?” ಎಂದರು. ಕೇಳಬೇಡಿ ಎಂದಿದ್ದಳೇ ಹೊರತು ಉತ್ತರ ಕೊಡಬೇಡಿ ಎಂದಿರಲಿಲ್ಲವಲ್ಲ! ಹಾಳು ನಾಲಿಗೆ ಊರಿನ ಜೊತೆಗೆ ಮನೆಯ ಹೆಸರನ್ನೂ ಹೇಳಿಬಿಟ್ಟಿತು.

“ಅಯ್ಯೋ ಮಾರಾಯ್ರೇ! ನಮ್ಮ ಅಕ್ಕನನ್ನು ಕೊಟ್ಟದ್ದು ಅದೇ ಮನೆಗಲ್ವಾ? ಹಾಗಾದ್ರೆ ನೀವು ನನಗೆ ಭಾವ!”

ಆಮೇಲೆ ಬೈಯಲು ಬಾಯಿಯೇ ಬರಲಿಲ್ಲ. ಸೀಯಾಳ ಕುಡಿದೆ. ಒತ್ತಾಯ ಮಾಡಿದರೆಂದು ಇನ್ನೊಂದನ್ನೂ ಕುಡಿದೆ. ಹೊರಡುವಾಗ, ಬಿಸಿಲಿನಲ್ಲಿ ನಿಲ್ಲಬೇಡಿ, ತಲೆಗೊಂದು ಟೊಪ್ಪಿ ಹಾಕಿಕೊಳ್ಳಿ ಎಂದು ಬುದ್ಧಿ ಹೇಳಿ ಬಂದೆ.

ಮರುದಿನ ಸುಜಾತಳೇ ಡ್ಯೂಟಿ ಮುಗಿಸಿ, ಯೂನಿಫಾರ್ಮಿನಲ್ಲೇ ಸೈಟಿಗೆ ನುಗ್ಗಿದಳು. ಹಿಂದೆ ನಾನು.

“ಬನ್ನಿ ಅಕ್ಕ, ಸೀಯಾಳ...”

“ಅಕ್ಕ ಅಂತೀರಲ್ಲ, ಅಕ್ಕನಿಗೆ ನಿದ್ದೆ ಬೇಡ್ವಾ? ನಾಳೆ ನಿಮ್ಮವರೇ ಯಾರಾದ್ರೂ ಐಸಿಯುನಲ್ಲಿ ಮಲಗಿದ್ರೆ, ನಿದ್ದೆಗೆಟ್ಟ ಕೈಯಲ್ಲಿ ನಾನು ಇಂಜೆಕ್ಷನ್ ಕೊಡುವುದಾ?”

ಅವರ ಮುಖ ಬಿಳಿಚಿತು. ಕಟಿಂಗ್ ಕೆಲಸ ಅಂದೇ ಹಗಲಿಗೆ ಬಂತು. ಸರಳಿನ ಲಾರಿ ಸಂಜೆಯೊಳಗೆ ಬರಬೇಕು, ಸರಳನ್ನು ಎಸೆಯದೆ ಕ್ರೇನಿನಿಂದ ಇಳಿಸಬೇಕು ಎಂದೂ ಆಯಿತು. “ಮತ್ತೆ ಸದ್ದಾದ್ರೆ ಎಷ್ಟು ಹೊತ್ತಾದ್ರೂ ಸರಿ, ಭಾವ ನನಗೊಂದು ಫೋನ್ ಮಾಡ್ಲಿ,” ಎಂದರು. “ಮಾಡ್ತಾರೆ, ಅಷ್ಟಾದ್ರೂ ಮಾಡ್ಲಿ,” ಎಂದಳು ಸುಜಾತ, ನನ್ನ ಕಡೆ ನೋಡದೆಯೇ.

ಈಗ ಅವಳಿಗೆ ದಿಂಬಿಗೆ ತಲೆ ತಾಗಿದರೆ ಸಾಕು, ನಿದ್ದೆ. ನೋಡಿದರೆ ನನ್ನ ಹೊಟ್ಟೆ ತಣ್ಣಗಾಗುತ್ತದೆ. ನಾನು ಮಾತ್ರ ಮೊಬೈಲನ್ನು ಎದೆಯ ಮೇಲಿಟ್ಟುಕೊಂಡು, ಕಿವಿ ನಿಮಿರಿಸಿ, ಬೆಳಗಿನವರೆಗೂ ನಿಶ್ಶಬ್ದವನ್ನು ಕಾಯುತ್ತಿರುತ್ತೇನೆ. ಒಂದೇ ಒಂದು ಸರಳು ಬೀಳಲಿ, ಈ ಸಲ ಭಾವ ಗೀವ ಎಂದು ನೋಡುವವನಲ್ಲ ನಾನು!